ಎರಡನೇ ಜಮಖಾನೆ

ಹೈದರಾಬಾದಿಗೆ ಬಂದು ಗಂಟುಮೂಟೆಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಒಂದು ಮಧ್ಯಾಹ್ನ ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ ಕಾಲ ಕೆಳಗಿನ ನೆಲ ಗಡಗಡ ನಡುಗಿತು. ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಬಡಿದುಕೊಂಡವು. ನಾನು ಇಂಡಿ ತಾಲೂಕಿನವಳು. ನಮ್ಮ ಕಡೆ ಭೂಮಿ ಆಗಾಗ ಮೈ ಕೊಡವುತ್ತದೆ. ಡಬ್ಬಿ ಅಲುಗಿತೆಂದರೆ ಮೊದಲು ಅಂಗಳಕ್ಕೆ ಓಡಬೇಕು, ಉಳಿದ ವಿಚಾರ ಆಮೇಲೆ ಎಂದು ಸಣ್ಣಂದಿನಲ್ಲೇ ಕಲಿಸಿಬಿಡುತ್ತಾರೆ. ಪುಟ್ಟ ಮಗಳನ್ನು ಕಂಕುಳಿಗೆ ಹಾಕಿಕೊಂಡು, ಕೈಯಲ್ಲಿದ್ದ ಸೌಟನ್ನೂ ಬಿಡದೆ, "ಭೂಕಂಪ! ಹೊರಗ ಬರ್ರಿ, ಎಲ್ಲಾರೂ ಹೊರಗ ಬರ್ರಿ!" ಎಂದು ಕೂಗುತ್ತ ಓಣಿಗೆ ಓಡಿದೆ.

ಓಣಿಯಲ್ಲಿ ಯಾರೂ ಓಡುತ್ತಿರಲಿಲ್ಲ. ಎದುರುಮನೆಯ ಅಜ್ಜಿ ಹೊಸ್ತಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ನನ್ನನ್ನು ನೋಡಿದಳು, ಸೌಟನ್ನು ನೋಡಿದಳು, "ಏಮಯಿಂದಮ್ಮಾ?" ಎಂದಳು. ಏನಾಯಿತಮ್ಮ ಎಂದು ಕೇಳುತ್ತಿದ್ದಾಳೆಂಬುದು ಧ್ವನಿಯಿಂದಲೇ ತಿಳಿಯಿತು. ಉತ್ತರ ಹೇಳಲು ನನ್ನ ಬಳಿ ತೆಲುಗು ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕು ಗುಡ್ಡದ ಕಡೆ ಕೈ ತೋರಿಸಿದಳು. ಅಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುತ್ತಿದ್ದರು. ಈ ಊರಿನಲ್ಲಿ ಮನೆ ಕಟ್ಟಬೇಕಾದರೆ ಮೊದಲು ಬಂಡೆ ಒಡೆಯಬೇಕಂತೆ. ನಮ್ಮಲ್ಲಿ ಕರಿಮಣ್ಣು ಅಗೆದಷ್ಟೂ ಒಳಗೆ ಹೋಗುತ್ತದೆ, ಇಲ್ಲಿ ಗುದ್ದಲಿ ಹಾಕಿದರೆ ಕಿಡಿ ಏಳುತ್ತದೆ. ಆ ದಿನದಿಂದ ಹಿಂದಿನ ಗಲ್ಲಿಯ ಹುಡುಗಿಯರು ನನ್ನನ್ನು 'ಝಲ್ಜಲಾ ಆಂಟಿ' ಎಂದು ಕರೆಯತೊಡಗಿದರು. ಝಲ್ಜಲಾ ಎಂದರೆ ಉರ್ದುವಿನಲ್ಲಿ ಭೂಕಂಪ. ನನ್ನ ಬಾಯಿಯ ಜೋರನ್ನು ನೋಡಿ ಇಟ್ಟ ಹೆಸರು ಎಂದೇ ನಮ್ಮವರು ಇವತ್ತಿಗೂ ಹೇಳುತ್ತಾರೆ.

ನಮ್ಮವರು ಶಿವಾನಂದ, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಮೆಹದಿಪಟ್ಟಣಂ ಬಸ್ ನಿಲ್ದಾಣದ ಬಳಿ ಕಂಪನಿಯ ಗಾಡಿ ಹತ್ತಿ ಹೋದರೆ ಸಂಜೆಗೆ ಮೈತುಂಬ ಔಷಧಿಯ ವಾಸನೆ ಹೊತ್ತು ಬರುತ್ತಿದ್ದರು. ಮನೆಯೋ, ಮುಂಬಾಗಿಲು ತೆರೆದರೆ ತೆಲುಗಿನ ಓಣಿ, ಹಿಂಬಾಗಿಲು ತೆರೆದರೆ ಉರ್ದುವಿನ ಗಲ್ಲಿ. ನಡುವಿನ ಎರಡು ಕೋಣೆಗಳಲ್ಲಿ ಮಾತ್ರ ಕನ್ನಡ. ಹಗಲೆಲ್ಲ ಆ ಎರಡು ಕೋಣೆಗಳಲ್ಲಿ ನಾನೊಬ್ಬಳೇ ಮಾತಾಡಿಕೊಳ್ಳುತ್ತಿದ್ದೆ. ಊರಲ್ಲಿ ಬಾಗಿಲು ಹಾಕಿಕೊಂಡು ಅಳಬೇಕಾದರೆ ಪುರುಸೊತ್ತೇ ಸಿಗುತ್ತಿರಲಿಲ್ಲ, ಯಾರಾದರೂ ಮೊಸರು ಕೇಳಲು ಬಂದುಬಿಡುತ್ತಿದ್ದರು. ಇಲ್ಲಿ ಎಷ್ಟು ಬೇಕಾದರೂ ಅಳಬಹುದಿತ್ತು. ಅದಕ್ಕೇ ಅಳು ಬೇಸರವಾಗಿ ಬಿಟ್ಟುಬಿಟ್ಟೆ.

ಈ ಮನೆ ಕೊಡಿಸಿದವರು ಗುರುಲಿಂಗಪ್ಪ ಕಾಕಾ. ಸಿಂದಗಿ ಕಡೆಯವರು, ಎಳೆಯ ವಯಸ್ಸಿಗೇ ಬಂದು ಬೇಗಂ ಬಜಾರಿನಲ್ಲಿ ತೊಗರಿಬೇಳೆಯ ವ್ಯಾಪಾರ ಹಿಡಿದವರು. ನಮಗೆ ರಕ್ತಸಂಬಂಧವೇನೂ ಇಲ್ಲ, ನಮ್ಮ ಸೀಮೆಯವರು ಅಷ್ಟೇ. ಎಲ್ಲಿಂದ ಬಂದಿರಿ, ಯಾರು ನೀವು, ಎಷ್ಟು ದಿನ ಇರುತ್ತೀರಿ ಎಂದು ಕೇಳಿ ಕೇಳಿ ಈ ಊರಿನ ಮನೆಮಾಲಕರೆಲ್ಲ ನಮ್ಮನ್ನು ಸಾಗಹಾಕಿದ್ದರು. ಕಾಕಾ ಮಾತ್ರ ಈ ಮಾಲಕನ ಮಂಚದ ಮೇಲೆ ಕಾಲು ಮಡಚಿ ಕುಳಿತು, ಚಹಾ ತರಿಸಿಕೊಂಡು, ನನ್ನ ಕಡೆ ಬೆರಳು ತೋರಿಸಿ "ಯೇ ಹಮಾರೀ ಬೇಟೀ ಹೈ" ಎಂದುಬಿಟ್ಟರು. ಇವಳು ನಮ್ಮ ಮಗಳು. ಕೀಲಿಕೈ ಕೈಗೆ ಬಂತು. ಆ ಒಂದು ಮಾತಿನ ಋಣ ಎಷ್ಟು ಭಾರ ಎಂದು ಆಗ ನನಗೆ ತಿಳಿದಿರಲಿಲ್ಲ.

ಕಾಕಾನ ಹೆಂಡತಿ ನೀಲಮ್ಮ ಕಾಕು ನನಗೆ ಊರು ಕಲಿಸಿದರು. ಕೈ ಹಿಡಿದು ಮೆಹದಿಪಟ್ಟಣದ ತರಕಾರಿ ಮಾರ್ಕೆಟ್ಟಿಗೆ ಕರೆದೊಯ್ದರು. ಅಲ್ಲಿ ಒಬ್ಬಳು ಕೆಂಪು ದಂಟಿನ ಸೊಪ್ಪು ರಾಶಿ ಹಾಕಿಕೊಂಡು "ಗೋಂಗೂರ, ಗೋಂಗೂರ" ಎಂದು ಕೂಗುತ್ತಿದ್ದಳು. ಕಾಕು ಒಂದು ಎಲೆ ಹರಿದು ನನ್ನ ಬಾಯಿಗಿಟ್ಟರು. ಅಯ್ಯ! ನಮ್ಮ ಪುಂಡಿಪಲ್ಯ! ಅದೇ ಹುಳಿ, ಅದೇ ಒಗರು. ಬೇರೆ ಹೆಸರು ಇಟ್ಟುಕೊಂಡು ಇಷ್ಟು ದಿನ ನನ್ನ ಕಣ್ಣೆದುರೇ ಕುಳಿತಿತ್ತು. ಅವತ್ತು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಕಾಕು, ನಮ್ಮವರು, ನಾನು ಮೂರೂ ಜನ ತಟ್ಟೆ ಬಳಿದು ಉಂಡೆವು. ಆಮೇಲೆ ತೆಲುಗೂ ಅಷ್ಟು ದೂರದ್ದು ಅನ್ನಿಸಲಿಲ್ಲ. 'ಪರವಾಲೇದು' ಎನ್ನುವುದನ್ನು ಮೊದಲು ಕಲಿತೆ, ಪರವಾಗಿಲ್ಲ ಎಂದರ್ಥ. ಆ ಒಂದು ಶಬ್ದದಿಂದಲೇ ಈ ಊರಿನಲ್ಲಿ ಅರ್ಧ ಸಂಸಾರ ನಡೆಯುತ್ತದೆ.

ಇನ್ನು ನಮ್ಮ ಕನ್ನಡ ಸಂಘದ ಮಾತು. ಮೆಹದಿಪಟ್ಟಣಂ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಸಭಾಂಗಣ, ಮುಂದೆ ಅಧ್ಯಕ್ಷರ ಕೋಣೆ, ಹಿಂದೆ ಗಟ್ಟಿ ತಾರಸಿಯ ಇನ್ನೊಂದು ಕೋಣೆ. ಸಂಘದಲ್ಲಿ ಎರಡು ಪಾರ್ಟಿ. ಬೇಳೆ ವ್ಯಾಪಾರಿಗಳು, ಗುಮಾಸ್ತರು, ನಮ್ಮಂಥ ಪಗಾರದವರು, ಅಂದರೆ ಉತ್ತರ ಕರ್ನಾಟಕದ ಮಂದಿಯೆಲ್ಲ ಬ್ಯಾಳಿ ಪಾರ್ಟಿ. ಮೈಸೂರು, ಬೆಂಗಳೂರು ಕಡೆಯ ಆಫೀಸರುಗಳದು ಫೈಲ್ ಪಾರ್ಟಿ. ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರೂ ಅವರ ಕಡೆಗೇ ಹೋಗುತ್ತಿದ್ದರು. ತಲೆ ಎಣಿಸಿದರೆ ನಾವೇ ಹೆಚ್ಚು. ಹಾಗಾಗಿ ಬ್ಯಾಳಿ ಪಾರ್ಟಿ ಯಾರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸುತ್ತದೋ ಅವರೇ ಅಧ್ಯಕ್ಷರು. ನಿಜವಾದ ಚುನಾವಣೆ ಎಂದರೆ ಪಾರ್ಟಿಯೊಳಗೆ ನಡೆಯುವ ಆಯ್ಕೆಯೇ.

ಆ ಆಯ್ಕೆಗೊಂದು ಪದ್ಧತಿ ಇತ್ತು. ಸಭಾಂಗಣದಲ್ಲಿ ಎರಡು ಜಮಖಾನೆ ಹಾಸುತ್ತಿದ್ದರು. ಒಂದೊಂದರ ತಲೆಗೆ ಒಬ್ಬೊಬ್ಬ ಉಮೇದುವಾರ ಕೂಡಬೇಕು. ಮನೆಗೊಬ್ಬರಂತೆ ಬಂದು ತಮಗೆ ಬೇಕಾದವರ ಜಮಖಾನೆಯ ಮೇಲೆ ಕೂಡಬೇಕು. ಚೀಟಿಯಿಲ್ಲ, ಡಬ್ಬಿಯಿಲ್ಲ. "ಇಲ್ಲಿ ಕುಂಡಿ ಊರಿದಲ್ಲೇ ವೋಟು" ಎಂದು ಕಾಕಾ ನಗುತ್ತಿದ್ದರು. ಆದರೆ ನಾನು ಬಂದಾಗಿನಿಂದ ಎರಡನೇ ಜಮಖಾನೆ ಖಾಲಿಯಾಗಿಯೇ ಇರುತ್ತಿತ್ತು. ಪ್ರತಿ ಸಲವೂ ಅಧ್ಯಕ್ಷರು ಕಾಕಾ, ಅವರ ಎದುರು ನಿಲ್ಲುವವರು ಯಾರು? ಆರಿಸುವುದು ಅಂದಮೇಲೆ ಎರಡು ಇರಬೇಕು ಎಂದು ಹಿರಿಯರು ಮಾಡಿಟ್ಟಿದ್ದಕ್ಕೆ ಸುಮ್ಮನೆ ಹಾಸುತ್ತಿದ್ದರು. ಅದರ ಮೇಲೆ ಕೂಸುಗಳು ಮಲಗಿ ನಿದ್ದೆ ಮಾಡುತ್ತಿದ್ದವು. ನಾವೆಲ್ಲ ಕಾಕಾನ ಹಿಂದೆ ಕುಳಿತು, ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ ಭಜಿ ತಿಂದು, ಮನೆಗೆ ಹೋಗುತ್ತಿದ್ದೆವು.

ಆಗ ಊರಿಗೆಲ್ಲ ಕಂಪ್ಯೂಟರಿನ ಜ್ವರ. ಗೋಡೆ ಗೋಡೆಗೂ ಕೋಚಿಂಗ್ ಕ್ಲಾಸಿನ ಜಾಹೀರಾತು. ಗಾಜಿನ ಆಫೀಸುಗಳು ಏಳುತ್ತಿದ್ದವು, ಅವುಗಳಲ್ಲಿ ಕೆಲಸ ಮಾಡುವವರಿಗೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಅವನ್ನು ಕಟ್ಟುವವರು ಬಹಳಷ್ಟು ನಮ್ಮವರೇ, ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರು. ಸಂಘದ ಹಿಂದಿನ ಬಯಲಿನಲ್ಲೂ ಬಂಡೆ ಒಡೆಯುವ ಕೆಲಸ ಶುರುವಾಗಿತ್ತು. ಅಲ್ಲಿ ಶಹಾಪುರದ ಕಡೆಯ ದೇವಮ್ಮ ಎಂಬವಳು ಕಲ್ಲು ಹೊರುತ್ತಿದ್ದಳು. ಅವಳ ಮಗಳು ಮಲ್ಲಿ ಆಗ ತಾನೇ ನಡೆಯಲು ಕಲಿತಿದ್ದಳು. ಎಲ್ಲಿ ಬಂಡೆಯ ಕಡೆ ಹೋಗಿಬಿಡುತ್ತದೋ ಎಂದು ಹಳೆಯ ಸೀರೆಯ ಪಟ್ಟಿಯಿಂದ ಮಗುವಿನ ಸೊಂಟವನ್ನು ಕಂಬಕ್ಕೆ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಸಿಡಿದ ಕಲ್ಲಿನ ಚೂರು ಕಂಬಕ್ಕೆ ಕಟ್ಟಿದ್ದ ಮಲ್ಲಿಯ ಹಣೆಗೆ ಬಡಿಯಿತು. ಕಟ್ಟಿಹಾಕಿದ ಕೂಸು ಓಡುವುದಾದರೂ ಎಲ್ಲಿಗೆ? ನೀರು ತರಲು ಅಲ್ಲೇ ಪಕ್ಕದ ನಲ್ಲಿಗೆ ಹೋಗಿದ್ದ ನಾನು ಕೂಗು ಕೇಳಿ ಓಡಿದೆ. ಸೆರಗಿನಿಂದ ರಕ್ತ ಒತ್ತಿಹಿಡಿದುಕೊಂಡು, ಮಗುವನ್ನೂ ದೇವಮ್ಮನನ್ನೂ ಕರೆದುಕೊಂಡು ನೇರವಾಗಿ ಕಾಕಾನ ಮನೆಗೆ ಹೋದೆ.

ಕಾಕಾ ಎರಡನೇ ಮಾತಾಡಲಿಲ್ಲ, ಡಾಕ್ಟರರ ಬಳಿ ತಾವೇ ಕರೆದುಕೊಂಡು ಹೋದರು. ಬರುವಾಗ ಸಂಘದ ಹಿಂದಿನ ಕೋಣೆಯ ಕೀಲಿಕೈಯನ್ನು ನನ್ನ ಕೈಗೆ ಹಾಕಿ, "ಹಗಲ ಹೊತ್ತಿನಾಗ ಕೂಸುಗಳನ್ನ ಇಲ್ಲಿ ಕೂಡಿಸ್ಕೋ ಗಿರಿಜಾ. ಕಂಬಕ್ಕ ಕಟ್ಟೋದಂದ್ರೇನು, ದನಾ ಏನವು?" ಎಂದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಾಕಾ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಕಷ್ಟವೇ ಇರುತ್ತಿರಲಿಲ್ಲ. ನಾನೂ ನೀಲಮ್ಮ ಕಾಕುವೂ ಸರದಿಯಂತೆ ಕೋಣೆಯಲ್ಲಿ ಕೂಡತೊಡಗಿದೆವು. ಗಂಜಿ, ಹಾಡು, ನಿದ್ದೆ, ಜಗಳ, ಮೂಗು ಒರೆಸುವುದು. ಕೋಣೆ ತುಂಬಿಹೋಯಿತು. ಆ ಕೋಣೆಗೆ ಕಾಲಿಟ್ಟ ಮೇಲೆ ನನಗೆ ಹಗಲು ಉದ್ದವೆನಿಸಲಿಲ್ಲ.

ಕೆಲವು ವರ್ಷ ಹೀಗೆ ನಡೆಯಿತು. ಮಲ್ಲಿ ಅಕ್ಷರ ಕಲಿಯುವಷ್ಟು ಬೆಳೆದಳು. ದೇವಮ್ಮನಿಗೆ ಇನ್ನೊಂದು ಕೂಸಾಯಿತು, ಅದೂ ಕೋಣೆಗೆ ಬಂತು. ಅಷ್ಟರಲ್ಲಿ ಕಾಕಾನಿಗೆ ಕಂಪ್ಯೂಟರಿನ ಜ್ವರ ಹತ್ತಿತು. "ಫೈಲ್ ಪಾರ್ಟಿ ಹುಡುಗ್ರು ಅಮೇರಿಕಾಕ್ಕ ಹೊಂಟಾರ. ನಮ್ಮ ಹುಡುಗ್ರು ಇನ್ನೂ ಬ್ಯಾಳಿ ತೂಗಾಕತ್ತಾರ. ಸಂಘದಾಗ ಕಂಪ್ಯೂಟರ್ ಕ್ಲಾಸ್ ಆಗಬೇಕು" ಎಂದು ಸಾರಿದರು. ಒಳ್ಳೆಯ ಮಾತೇ. ನನ್ನ ಮಗಳು ಅಶ್ವಿನಿ ಕುಣಿದಾಡಿದಳು. ಆದರೆ ಆಗ ಕಂಪ್ಯೂಟರ್ ಎಂದರೆ ದೇವರ ಕೋಣೆಯ ಮಡಿ. ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬೀಳಬಾರದು, ತಣ್ಣಗಿರಬೇಕು. ಸಂಘದಲ್ಲಿ ಗಟ್ಟಿ ತಾರಸಿಯಿದ್ದದ್ದು ಎರಡೇ ಕೋಣೆ. ಒಂದು ಅಧ್ಯಕ್ಷರದು, ಇನ್ನೊಂದು ನಮ್ಮ ಕೂಸುಗಳದು. ಕಾಕಾ ಕಂಪ್ಯೂಟರಿಗೆ ಆರಿಸಿದ್ದು ಕೂಸುಗಳ ಕೋಣೆಯನ್ನು. ಕೂಸುಗಳು ಬರುವುದೇ ಬಂಡೆಯ ಧೂಳು ಹೊತ್ತುಕೊಂಡು.

"ಕೂಸುಗಳನ್ನ ಎಲ್ಲಿ ಕೂಡಿಸ್ಲಿ ಕಾಕಾ?" ಎಂದೆ.

"ಏನಾರ ಮಾಡೋಣ ತಗೋ" ಎಂದರು. ಅವರ 'ಏನಾರ ಮಾಡೋಣ'ದಲ್ಲಿ ಏನೂ ಇಲ್ಲವೆಂಬುದು ನನಗೆ ಗೊತ್ತಾಯಿತು.

ಆ ವರ್ಷ ಕಾಕಾನ ಎದುರು ನಿಲ್ಲುತ್ತೇನೆ ಎಂದು ಎದ್ದವರು ರುದ್ರಗೌಡರು. ರಾಯಚೂರಿನವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಸತ್ಯ ಹೇಳಬೇಕೆಂದರೆ ಆ ಮನುಷ್ಯನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಸಭೆಯಲ್ಲಿ ನಾನು ಬಾಯಿ ತೆರೆದಾಗ, ಎಲ್ಲರೆದುರು "ಹೆಣ್ಮಕ್ಕಳಿಗೆ ಇಲ್ಲೇನು ಕೆಲಸ ಐತಿ? ಹೋಗಿ ಚಹಾ ಮಾಡ್ರಿ" ಎಂದಿದ್ದರು. ಚಹಾ ಮಾಡಿದೆ, ಅವರ ಲೋಟಕ್ಕೆ ಮಾತ್ರ ಸಕ್ಕರೆ ಹಾಕಲಿಲ್ಲ. ಅಂಥ ಮನುಷ್ಯ ಈಗ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು: "ಅಧ್ಯಕ್ಷಗ ಕುರ್ಚಿ ಸಾಕು, ಕೋಣಿ ಯಾಕ ಬೇಕು? ಕಂಪ್ಯೂಟರ್ ಅಧ್ಯಕ್ಷನ ಕೋಣ್ಯಾಗ ಇಡ್ರಿ. ನಾ ವರಾಂಡಾದಾಗ ಕೂಡ್ತೀನಿ. ಜೀವನಪೂರ್ತಿ ಗಾಡಿ ಹಿಂದಿನ ಡಬ್ಬಿಯೊಳಗ ಕುಂತಾಂವ ನಾ. ಕೂಸುಗಳ ಕೋಣಿ ಮುಟ್ಟಬ್ಯಾಡ್ರಿ."

ಇಷ್ಟು ಸರಳವಾದ ಮಾತು ಕಾಕಾನಿಗೆ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. ಆದರೆ ಅಧ್ಯಕ್ಷರ ಕೋಣೆ ಎಂದರೆ ಕಾಕಾನಿಗೆ ಮಾನ. ಬೇಳೆ ಚೀಲ ಹೊತ್ತು ಬಂದ ಮನುಷ್ಯನಿಗೆ ಈ ಊರು ಕೊಟ್ಟ ಮಾನ ಅದೊಂದೇ. ಆಫೀಸರುಗಳು ಬಂದರೆ ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಅದನ್ನು ಬಿಟ್ಟುಕೊಡು ಎಂದು ಬಾಯಿಬಿಟ್ಟು ಕೇಳುವುದಾದರೂ ಹೇಗೆ?

ಬ್ಯಾಳಿ ಪಾರ್ಟಿ ತಳಮಳಗೊಂಡಿತು. ಪಾರ್ಟಿ ಒಡೆಯುತ್ತದೆ, ಫೈಲ್ ಪಾರ್ಟಿಯವರು ಗೆದ್ದುಬಿಡುತ್ತಾರೆ, ಗೌಡನಿಗೆ ಬುದ್ಧಿ ಇಲ್ಲ, ಕಾಕಾನ ಉಪಕಾರ ಪಡೆಯದ ಮನೆ ಯಾವುದಿದೆ ಎಂದು ಮಾತೋ ಮಾತು. ಎಲ್ಲವೂ ನಿಜ. ಆಯ್ಕೆಯ ದಿನ ಶಿವಾನಂದ ಅವರಿಗೆ ಹಗಲು ಪಾಳಿ ಬಿತ್ತು. ನಮ್ಮ ಮನೆಯಿಂದ ನಾನೇ ಹೋಗಿ ಕೂಡಬೇಕು.

"ಕಾಕಾನ ಹಿಂದ ಕೂತು ಎದ್ದು ಬಾ. ಈ ಮನಿ ಯಾರು ಕೊಡಿಸ್ಯಾರ, ನೆನಪೈತಿಲ್ಲ?" ಎಂದರು ನಮ್ಮವರು.

"ಐತ್ರಿ."

"ಮತ್ತ? ಊರಾಗ ನಿಮ್ಮಪ್ಪಗ ಏನಾತು, ಅದೂ ನೆನಪೈತಿಲ್ಲ?"

ಅದನ್ನು ಮರೆಯುವುದುಂಟೆ? ಪಂಚಾಯ್ತಿ ಚುನಾವಣೆಯಲ್ಲಿ ಅಪ್ಪ ತಮ್ಮ ದೊಡ್ಡಪ್ಪನ ಮಗನಿಗೆ ವೋಟು ಹಾಕಲಿಲ್ಲವೆಂದು ಆ ಮನೆಯವರು ಊಹೆ ಮಾಡಿಕೊಂಡರು. ಬರೀ ಊಹೆ, ಚೀಟಿಯಲ್ಲಿ ಏನಿತ್ತೆಂದು ಯಾರು ಕಂಡಿದ್ದರು? ಅಂದಿನಿಂದ ಮಾತಿಲ್ಲ, ಕತೆಯಿಲ್ಲ, ಮದುವೆಗೆ ಕರೆಯಲಿಲ್ಲ, ಅಪ್ಪ ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ. ಗುಟ್ಟಿನ ಚೀಟಿಗೇ ಹಾಗಾದರೆ, ಎಲ್ಲರ ಕಣ್ಣೆದುರು ಜಮಖಾನೆಯ ಮೇಲೆ ಕೂಡುವುದಕ್ಕೆ ಏನಾದೀತು?

ಹಿಂದಿನ ದಿನ ಕೋಣೆಯಲ್ಲಿ ಕೂಸುಗಳಿಗೆ ಗಂಜಿ ಕುಡಿಸುತ್ತ ಕಾಕುವನ್ನು ಕೇಳಿಯೇಬಿಟ್ಟೆ. "ಕಾಕೂ, ನಾ ಏನ ಮಾಡ್ಲಿ?"

ಕಾಕು ಒಂದು ಮಗುವಿನ ಬಾಯಿ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. "ನನ್ನ ಕೇಳಬ್ಯಾಡವಾ. ಮನಿಗೊಬ್ಬರು ಅಂತಾರ. ನಮ್ಮನಿದು ಅವರ ಜಮಖಾನಿ. ನನಗ ಜಮಖಾನಿ ಇಲ್ಲ" ಎಂದರು. ಅಷ್ಟೇ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಲೋಟ ತೊಳೆಯತೊಡಗಿದರು.

ಸಂಜೆ ದೇವಮ್ಮ ಮಕ್ಕಳನ್ನು ಕರೆದೊಯ್ಯಲು ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಬೇಡಿಕೊಂಡಿದ್ದರೆ, ಅತ್ತಿದ್ದರೆ ನಾನು ಗದರಿ ಸುಮ್ಮನಾಗುತ್ತಿದ್ದೆನೋ ಏನೋ. ಅವಳು ಸಣ್ಣ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೇಳಿದ್ದು ಇಷ್ಟೇ: "ಕೋಣಿ ಬಂದ್ ಮಾಡೋದಿದ್ರ ಎರಡು ದಿನಾ ಮೊದಲ ಹೇಳ್ರಿ ಅಕ್ಕೋರ. ಹಳೀ ಸೀರಿ ಒಂದು ಹರದು ಇಟ್ಕೋತೀನಿ."

ಮರುದಿನ ಭಾನುವಾರ ಬೆಳಿಗ್ಗೆ ಸಭಾಂಗಣ ಗಿಜಿಗುಟ್ಟುತ್ತಿತ್ತು. ಕಾಕಾ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ನೀಲಿ ಜಮಖಾನೆಯ ತಲೆಗೆ ಕುಳಿತಿದ್ದರು, ಹಿಂದೆ ಮಂದಿಯೇ ಮಂದಿ. ಕೆಂಪು ಜಮಖಾನೆಯ ತಲೆಗೆ ರುದ್ರಗೌಡರು, ಅವರ ಹಿಂದೆ ಬೆರಳೆಣಿಕೆಯ ರಾಯಚೂರಿನವರು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕಾಕುವೂ ಅಲ್ಲಿದ್ದರು. ಬಾಗಿಲ ಬಳಿ ಹಲವರು ಚಪ್ಪಲಿ ಬಿಡುವ ನೆಪದಲ್ಲಿ ತಡಮಾಡುತ್ತ ಅತ್ತ ಇತ್ತ ನೋಡುತ್ತಿದ್ದರು. ಯಾರಿಗೂ ಮೊದಲಿಗರಾಗುವುದು ಬೇಡ. ನಾನು ಒಳಗೆ ಕಾಲಿಟ್ಟಿದ್ದೇ ಕಾಕಾ ತಮ್ಮ ಪಕ್ಕದ ಜಾಗ ತಟ್ಟಿ, "ಬಾ ಗಿರಿಜಾ, ಇಲ್ಲಿ ಕೂಡು ಬಾ" ಎಂದರು.

ಅವರ ಬಳಿಗೇ ಹೋದೆ. ಹತ್ತಿರ ಹೋಗಿ ಕುಳಿತುಬಿಟ್ಟರೆ ಮುಗಿಯಿತು ಎಂದು ಕಾಲುಗಳು ಹೇಳುತ್ತಿದ್ದವು. ಆದರೆ ಬಾಯಿ ನನ್ನದಲ್ಲವೇ, ತೆರೆದುಕೊಂಡುಬಿಟ್ಟಿತು. "ಕಾಕಾ, ನೀವು ಈ ಊರಾಗ ನನಗ ಮನಿ ಕೊಡಿಸಿದ್ರಿ. ಮಗಳು ಅಂದ್ರಿ. ಅದನ್ನ ಸಾಯೂತನಕ ಮರಿಯಂಗಿಲ್ಲ. ಆದ್ರ ನಾಳಿ ಅಷ್ಟೂ ಕೂಸು ಮತ್ತ ಕಂಬಕ್ಕ ಹೋಗ್ತಾವು. ನೀವ ಅಂದಿದ್ರಿ, ದನಾ ಏನವು ಅಂತ. ನನಗ ಇಲ್ಲಿ ಕೂಡಾಕ ಆಗವಲ್ದು ಕಾಕಾ. ಸಿಟ್ಟಾದ್ರ ಆಗ್ರಿ." ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ತಿರುಗಿ ಹೋಗಿ ಕೆಂಪು ಜಮಖಾನೆಯ ಮೇಲೆ ಕುಳಿತೆ.

"ಉಂಡ ಮನೀಗೆ ಎರಡು ಬಗದ್ಲು ನೋಡು" ಎಂದು ಯಾರೋ ಹಿಂದಿನಿಂದ ಅಂದರು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರುದ್ರಗೌಡರು ನನ್ನ ಕಡೆ ತಿರುಗಿ, "ಬರೇ ಚಹಾ ಅಲ್ಲ, ಭಾಷಣಾನೂ ಬರ್ತೈತಿ ಇಕಿಗೆ" ಎಂದರು. ಆ ಗಳಿಗೆಯಲ್ಲೂ ಎದ್ದು ಹೋಗಿಬಿಡಬೇಕೆನ್ನಿಸಿತು, ಅಂಥ ಬಾಯಿ ಆ ಮನುಷ್ಯನದು. ಕಣ್ಣು ಮುಚ್ಚಿಕೊಂಡು ಕುಳಿತೆ. ಪಕ್ಕದಲ್ಲಿ ಸೀರೆಯ ಸದ್ದಾಯಿತು, ಆಮೇಲೆ ಕೆಮ್ಮು, ಆಮೇಲೆ ಯಾರದೋ ಮೊಣಕಾಲು ನನಗೆ ತಾಗಿತು. ಕಣ್ಣು ತೆರೆದಾಗ ಬಾಗಿಲ ಬಳಿ ತಡಮಾಡುತ್ತಿದ್ದವರಲ್ಲಿ ಬಹಳ ಜನ ನನ್ನ ಸುತ್ತ ಕುಳಿತಿದ್ದರು. ನೀಲಿಯಿಂದಲೂ ಕೆಲವರು ಎದ್ದು ಬಂದರು. ಕಾಕಾನ ಮುಖ ನೋಡದೆ, ನೆಲ ನೋಡುತ್ತ ಬಂದರು. ತಲೆ ಎಣಿಸಿದಾಗ ಕೆಂಪು ಸ್ವಲ್ಪವೇ ಹೆಚ್ಚಾಗಿತ್ತು.

ಈಗ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗೆದ್ದವರಿಗೆ ಹಾರ ಹಾಕುವ ಪದ್ಧತಿ ಇತ್ತು, ಸುಸಲಾ ಹಂಚುವ ಪದ್ಧತಿ ಇತ್ತು. ಸೋಲುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ, ಇಷ್ಟು ವರ್ಷ ಅಲ್ಲಿ ಯಾರೂ ಸೋತಿರಲಿಲ್ಲವಲ್ಲ. ಹಾರ ಹಿಡಿದವನು ಹಾರ ಹಿಡಿದೇ ನಿಂತಿದ್ದ. ನೀಲಿ ಜಮಖಾನೆಯವರು ಒಬ್ಬೊಬ್ಬರಾಗಿ ಎದ್ದು ಗೋಡೆಗೆ ಒರಗಿ ನಿಂತರು. ಕಾಕಾ ಒಬ್ಬರೇ ಕುಳಿತಿದ್ದರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಜಮಖಾನೆಯ ಎರಡು ಮೂಲೆ ಹಿಡಿದು, "ಯಾರರೆ ಆ ಕಡಿ ಹಿಡೀರಿ. ಮಡಚಿ ಇಡೋಣು" ಎಂದರು.

ಯಾರೂ ಮುಂದೆ ಬರಲಿಲ್ಲ. ನಾನು ಹೋಗಿ ಆ ಕಡೆಯ ಮೂಲೆಗಳನ್ನು ಹಿಡಿದೆ. ಇಬ್ಬರೂ ಜಾಡಿಸಿದೆವು. ಉದ್ದಕ್ಕೆ ಮಡಚಿದೆವು. ಮಡಚುತ್ತ ಮಡಚುತ್ತ ಹತ್ತಿರ ಬಂದು ಮುಖಾಮುಖಿ ನಿಂತೆವು. ಕಾಕಾನ ಕಣ್ಣುಗಳು ಕೆಂಪಾಗಿದ್ದವು. ನನ್ನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡರು. ಜಮಖಾನೆಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಕಾಕು ಅವರ ಹಿಂದೆಯೇ ಓಡಿದರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಕಾಕು ಕೋಣೆಗೆ ಬರಲಿಲ್ಲ. ಮನೆಯ ಮಾಲಕ ಹಿಂಬಾಗಿಲಲ್ಲಿ ಕೆಮ್ಮಿದರೆ ಸಾಕು, ಖಾಲಿ ಮಾಡಿ ಎನ್ನಲು ಬಂದ ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದೆ. ನಮ್ಮವರು ನನ್ನನ್ನು ಬೈಯಲಿಲ್ಲ. ಅಟ್ಟದ ಮೇಲಿನ ಟ್ರಂಕುಗಳನ್ನು ಸುಮ್ಮನೆ ನೋಡುತ್ತಿದ್ದರು, ಬೈದಿದ್ದರೇ ಚೆನ್ನಾಗಿತ್ತು. ಒಂದು ಸಂಜೆ ಮುಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಾಕಾ, ಅವರ ಹಿಂದೆ ಕಾಕು.

"ಒಳಗ ಕರೀತೀಯೋ, ಇಲ್ಲ ಇಲ್ಲೂ ಭಾಷಣ ಮಾಡ್ತೀಯೋ?" ಎಂದರು ಕಾಕಾ.

ಒಳಗೆ ಬಂದು ಕುಳಿತರು. ನಾನು ಬಾಗಿಲಿಗೆ ಆತು ನಿಂತೆ. "ಸಿಟ್ಟು ಐತೇನ್ರಿ ಕಾಕಾ?" ಎಂದೆ.

"ಐತಿ. ಭಾಳ ಐತಿ. ಇಷ್ಟರಾಗ ಹೋಗೂದೂ ಇಲ್ಲ ಅದು. ಊರಾಗ ಆಗಿದ್ರ ನಿನ್ನ ಮಾರಿ ನೋಡತಿದ್ದಿಲ್ಲ ನಾ. ಅಲ್ಲಿ ಮಂದಿ ಭಾಳ, ಒಂದು ಮನಿ ಬಿಟ್ರ ಇನ್ನೊಂದು ಮನಿ. ಇಲ್ಲಿ ನಾವು ಇರೋದ ಇಷ್ಟ ಮಂದಿ. ಇದರಾಗ ನಿನ್ನನ್ನೂ ಬಿಟ್ರ ಯಾರ ಜೋಡಿ ಜಗಳಾ ಮಾಡ್ಲಿ? ಚಹಾ ಹಾಕು, ಸಕ್ರಿ ಹಾಕಿ ಕೊಡು ಮತ್ತ."

ಅಡುಗೆಮನೆಗೆ ಓಡಿ ಒಲೆಯ ಮುಂದೆ ನಿಂತು ಹೋ ಎಂದು ಅತ್ತುಬಿಟ್ಟೆ. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಗಿತ್ತು. ಕಾಕು ಹಿಂದೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, ಹೊರಗೆ ಕೇಳದಂತೆ ಹೇಳಿದರು: "ಅಳಬ್ಯಾಡ ಹುಚ್ಚಿ. ನಿನ್ನೆ ರಾತ್ರಿ ಅವರ ಅಂದ್ರು, ಆ ಕೂಸುಗಳನ್ನ ನನ್ನ ಕೈಯಾರ ಹೊರಗ ಹಾಕಿದ್ದರ ನನಗ ನಿದ್ದಿ ಬರತಿದ್ದಿಲ್ಲ ಅಂತ. ಇದನ್ನ ನಾ ಹೇಳೀನಿ ಅಂತ ಮತ್ತ ಯಾರಿಗೂ ಹೇಳಬ್ಯಾಡ." ಆಮೇಲೆ ತಾವೇ ಸಕ್ಕರೆ ಡಬ್ಬಿ ತೆಗೆದರು.

ಬ್ಯಾಳಿ ಪಾರ್ಟಿ ಒಡೆಯಲಿಲ್ಲ. ರುದ್ರಗೌಡರು ಅಧ್ಯಕ್ಷರಾದರು. ಹೇಳಿದ ಹಾಗೆ ಅಧ್ಯಕ್ಷರ ಕೋಣೆಯನ್ನು ಕಂಪ್ಯೂಟರಿಗೆ ಬಿಟ್ಟು, ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಬಂದವರನ್ನೆಲ್ಲ ಗದರುತ್ತ ಐದು ಕಾಸಿನ ಮರ್ಯಾದೆಯಿಲ್ಲದೆ ಮಾತಾಡುತ್ತ ಇದ್ದರು. ನನ್ನೊಡನೆ ಅವರ ಜಗಳ ಒಂದು ದಿನವೂ ನಿಲ್ಲಲಿಲ್ಲ. ಅಶ್ವಿನಿ ಕಂಪ್ಯೂಟರ್ ಕಲಿತಳು. ಹಿಂದಿನ ಬಯಲಿನಲ್ಲಿ ಅಪಾರ್ಟ್‌ಮೆಂ‍ಟು ಎದ್ದು ನಿಂತಿತು. ಅದು ಮುಗಿದ ಮೇಲೆ ದೇವಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿನ ಇನ್ನೊಂದು ಮೂಲೆಯ ಕೆಲಸಕ್ಕೆ ಹೋದಳು. ಅವಳು ಕಟ್ಟಿದ ಮನೆಗಳಿಗೆ ಬೇರೆಯವರು ಬಂದರು, ಕೋಣೆಗೆ ಬೇರೆ ಕೂಸುಗಳು ಬಂದವು.

ಬೇಸಿಗೆಯಲ್ಲಿ ತವರಿಗೆ ಹೋದಾಗ ಈ ಕತೆಯನ್ನು ದೊಡ್ಡ ಉಮೇದಿಯಿಂದ ಹೇಳಿದೆ. ಅವ್ವ ಕೇಳುತ್ತ ಕೇಳುತ್ತ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಎಲ್ಲಾರ ಮುಂದ ಹಂಗ ಮಾಡಿ, ಮತ್ತ ಅವರ ಮನೀಗೆ ಹೋಗ್ತೀಯೇನ? ಅವರು ನಿಮ್ಮನೀಗೆ ಬರ್ತಾರೇನ? ಎಂಥಾ ಮಂದಿ ಅದಾರವಾ ಅಲ್ಲಿ!" ಎಂದಳು. ನಾನು ಮೂರು ರೀತಿಯಲ್ಲಿ ತಿಳಿಸಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಹುಟ್ಟಿದ ಮನೆಯ ಒಲೆಯ ಮುಂದೆ, ಹುಟ್ಟಿದ ಭಾಷೆಯಲ್ಲೇ ಹೇಳುತ್ತಿದ್ದರೂ ನನ್ನ ಮಾತು ಅಲ್ಲಿ ಪರದೇಶದ್ದಾಗಿತ್ತು. ಬಸ್ಸಿನಲ್ಲಿ ಮರಳುವಾಗ ಮೊದಲ ಬಾರಿಗೆ, ಊರು ಬಿಟ್ಟು ಹೋಗುತ್ತಿದ್ದೇನೋ ಊರಿಗೆ ಹೋಗುತ್ತಿದ್ದೇನೋ ನನಗೆ ತಿಳಿಯಲಿಲ್ಲ.

ಬಂದ ವಾರವೇ ಸಂಘಕ್ಕೆ ಮುದ್ದೇಬಿಹಾಳದ ಕಡೆಯ ಒಂದು ಹೊಸ ಸಂಸಾರ ಬಂತು. ಹುಡುಗಿ ಬಾಗಿಲ ಬಳಿ ಟ್ರಂಕು ಹಿಡಿದುಕೊಂಡು, ಮುಖ ಬಾಡಿಸಿಕೊಂಡು ನಿಂತಿದ್ದಳು. ಕಾಕಾ ಅವರಿಗೆ ಮನೆ ಹುಡುಕಿಕೊಡುವ ಮಾತಾಡುತ್ತಿದ್ದವರು, ನನ್ನನ್ನು ಕಂಡು ಕೈಮಾಡಿ ಕರೆದರು. ನನ್ನ ತಲೆಯ ಮೇಲೆ ಕೈಯಿಟ್ಟು ಆ ಹುಡುಗಿಗೆ, "ಇಕಿ ನಮ್ಮ ಗಿರಿಜಾ. ನನ್ನ ಮಗಳು. ನನ್ನ ಸೋಲಿಸಿದಾಕಿ" ಎಂದರು.

ಹುಡುಗಿ ನಗಬೇಕೋ ಬಿಡಬೇಕೋ ಗೊತ್ತಾಗದೆ ನನ್ನ ಮುಖ ನೋಡಿದಳು.

"ಎರಡೂ ಖರೇನವಾ" ಎಂದು ಹೇಳಿ, ಅವಳ ಟ್ರಂಕಿನ ಒಂದು ಕಡೆ ಹಿಡಿದುಕೊಂಡು ಒಳಗೆ ಕರೆದೆ.